“ಕೊನೆಯ ಹೆಸರು ಕಡ್ಡಾಯ”: ಈ ಕೆಂಪು ನಕ್ಷತ್ರ ತೆಗೆಯಲು ಏನು ಅಡ್ಡಿ?

ತಿಪಟೂರುಕಾಯಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಕೋಡ್ ಬರೆಯುವುದೇ ನನ್ನ ಕೆಲಸ. ಪ್ರಶ್ನೆ ತಾಂತ್ರಿಕವಾದದ್ದೇ, ಆದರೆ ಹಿಂದಿನ ಕತೆ ಹೇಳದೆ ಕೇಳಲು ಬರುವುದಿಲ್ಲ, ಸ್ವಲ್ಪ ಉದ್ದವಾದರೆ ತಾಳಿಕೊಳ್ಳಿ.

ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಷ್ಟೋ ಇಷ್ಟೋ ಉಳಿಸಿ ಒಂದು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ನಾಮಿನಿ ಅಮ್ಮ. ಆ ದುಡ್ಡು ಅಮ್ಮನ ಖಾತೆಗೆ ಬರಬೇಕು, ಇರುವುದು ಅಷ್ಟೇ ಕೆಲಸ. ಅದಕ್ಕೆ ಅಮ್ಮ ಮೂರು ಸಲ ಬಸ್ಸು ಹತ್ತಿ ಹೋಗಿ ಬಂದಿದ್ದಾರೆ. ನಾಲ್ಕನೇ ಸಲ ನಾನೇ ರಜೆ ಹಾಕಿ ಜೊತೆಗೆ ಹೋದೆ.

ಅಮ್ಮನ ಹೆಸರು ಲಕ್ಷ್ಮಮ್ಮ. ಹಿಂದೆ ಮುಂದೆ ಏನೂ ಇಲ್ಲ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಾನ್‌ನಲ್ಲಿ ಲಕ್ಷ್ಮಮ್ಮ. ಪಾಸ್‌ಬುಕ್‌ನಲ್ಲಿ ಮಾತ್ರ ‘ಲಕ್ಷ್ಮಮ್ಮ ಲಕ್ಷ್ಮಮ್ಮ’. ಠೇವಣಿಯ ರಸೀದಿಯಲ್ಲಿ ನಾಮಿನಿ ಹೆಸರು ‘ಲಕ್ಷ್ಮಮ್ಮ’, ಒಂದು ಜಾಗ ಬಿಟ್ಟು ಒಂದು ಚುಕ್ಕೆ. ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳು. ಮಾನಿಟರನ್ನೇ ನನ್ನ ಕಡೆ ತಿರುಗಿಸಿ ತೋರಿಸಿದಳು. ಎರಡು ಬಾಕ್ಸ್. ಎರಡಕ್ಕೂ ಕೆಂಪು ನಕ್ಷತ್ರ. “ಎರಡನೇದು ಖಾಲಿ ಬಿಟ್ರೆ ಮುಂದಕ್ಕೆ ಹೋಗೋದೇ ಇಲ್ಲ ಸರ್. ಅದಕ್ಕೇ ಆಗ ಯಾರೋ ಚುಕ್ಕೆ ಹಾಕಿದ್ದಾರೆ, ಈಗ ಹೊಸ ಸಾಫ್ಟ್‌ವೇರು ಚುಕ್ಕೇನೂ ತಗೊಳಲ್ಲ” ಅಂದಳು. ಕೊನೆಗೆ ಹೊರಗೆ ಹೋಗಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿದೆವು. ‘ಲಕ್ಷ್ಮಮ್ಮ’, ‘ಲಕ್ಷ್ಮಮ್ಮ ಲಕ್ಷ್ಮಮ್ಮ’ ಮತ್ತು ‘ಲಕ್ಷ್ಮಮ್ಮ .’ ಈ ಮೂವರೂ ನಾನೊಬ್ಬಳೇ ಎಂದು ಅಮ್ಮ ಸಹಿ ಹಾಕಿದರು. ಎಪ್ಪತ್ತು ವರ್ಷದ ಹೆಂಗಸು ನಾನು ನಾನೇ ಅಂತ ಬರೆದುಕೊಡಬೇಕಾಯಿತು. ನೋಟರಿ ಓದಿ ಹೇಳುವಾಗ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು, ಇದರಲ್ಲಿ ತನ್ನ ತಪ್ಪೇನಾದರೂ ಇದೆಯಾ ಅನ್ನುವ ಹಾಗೆ.

ಬೆಂಗಳೂರಿಗೆ ವಾಪಸ್ ಬಂದವನೇ ನಮ್ಮ ಪ್ರಾಡಕ್ಟಿನ ನೋಂದಣಿ ಫಾರ್ಮಿನ ಕೋಡ್ ತೆಗೆದು ನೋಡಿದೆ. ಅಲ್ಲೂ ಅದೇ. ಕೊನೆಯ ಹೆಸರು ಕಡ್ಡಾಯ, ಕನಿಷ್ಠ ಎರಡು ಅಕ್ಷರ, ಅಂದರೆ ಇನಿಷಿಯಲ್ ಹಾಕಿದರೂ ಒಳಗೆ ಬಿಡುವುದಿಲ್ಲ. ಯಾರು ಬರೆದದ್ದು ಅಂತ ಗಿಟ್‌ನಲ್ಲಿ ಹುಡುಕಿದರೆ 2013ರಲ್ಲಿ ನಾನೇ. ಆಗ ಯಾವುದೋ ಟ್ಯುಟೋರಿಯಲ್ ನೋಡಿ ಬರೆದ ನೆನಪು. ಯಾಕೆ ಎರಡು ಬಾಕ್ಸ್ ಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಎಷ್ಟು ಜನರ ಅಮ್ಮಂದಿರು ಅದರಲ್ಲಿ ಸಿಕ್ಕಿಕೊಂಡಿದ್ದಾರೋ ಅಂತ ಈಗ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ‘ಪೂರ್ಣ ಹೆಸರು’ ಅಂತ ಒಂದೇ ಬಾಕ್ಸ್ ಇಟ್ಟರೆ ನಿಜವಾಗಿ ಏನು ಕೆಡುತ್ತದೆ? ನಿಮ್ಮಲ್ಲಿ ಯಾರಾದರೂ ಹಾಗೆ ಬದಲಾಯಿಸಿದ್ದೀರಾ? ಮ್ಯಾನೇಜರ್ ಹತ್ತಿರ ಮಾತಾಡುವ ಮುಂಚೆ ಏನೇನು ತೊಡಕು ಬರಬಹುದು ಅಂತ ತಿಳಿದುಕೊಳ್ಳಬೇಕು.

---

ಬೈಟುಕಾಫಿ:

ನಿಮ್ಮ ಅಮ್ಮನ ಹೆಸರು ಓದಿದ ಕೂಡಲೇ ಹಳೆಯದೊಂದು ನೆನಪಾಯಿತು. ನಾನು ಟೆಸ್ಟಿಂಗ್ ಮಾಡುವವಳು, ಕನ್ನಡ ಇರುವ ಪ್ರಾಜೆಕ್ಟ್ ಬಂದರೆ ಮೊದಲು ಹಾಕುವ ಹೆಸರೇ ಲಕ್ಷ್ಮಮ್ಮ. ಯಾಕೆ ಅಂತ ಹೇಳುತ್ತೇನೆ.

ಓದುವವರ ಕಣ್ಣಿಗೆ ಅದು ಮೂರು ಅಕ್ಷರ: ಲ, ಕ್ಷ್ಮ, ಮ್ಮ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಒಂಬತ್ತು: ಲ, ಕ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ಷ, ವಿರಾಮ, ಮ, ಮ, ವಿರಾಮ, ಮ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಲ್ಲಿಗೆ 27 ಬೈಟ್. ನಾನು ನೋಡಿದ ಪ್ರಾಜೆಕ್ಟಿನಲ್ಲಿ ಹೆಸರಿನ ಕಾಲಂ 20 ಅಂತಿತ್ತು. ಡೇಟಾಬೇಸ್ ಒರಾಕಲ್, ಅದರಲ್ಲಿ ನೀವು ಬೇರೆ ಹೇಳದಿದ್ದರೆ 20 ಅಂದರೆ 20 ಬೈಟ್. ಉದ್ದ ಜಾಸ್ತಿಯಾದರೆ ಎರರ್ ಬರುತ್ತದೆ ಅಂತ ಯಾರೋ ಕೋಡಿನಲ್ಲಿ ಮೊದಲೇ ಕತ್ತರಿಸಿಬಿಟ್ಟಿದ್ದರು. 20 ಬೈಟಿನಲ್ಲಿ ಪೂರ್ತಿ ಹಿಡಿಸುವುದು ಆರು ಸಂಕೇತ. ಅಂದರೆ ಲಕ್ಷ್ಮಮ್ಮ ಹೋಗಿ ‘ಲಕ್ಷ್ಮ’ ಆಗುತ್ತಾರೆ. ಇನ್ನೊಂದು ನೋಡಿ, ಲಕ್ಷ್ಮಿ ಅನ್ನುವುದು 21 ಬೈಟ್. ಒಂದೇ ಒಂದು ಬೈಟ್ ಸಾಲದೆ ಗುಡಿಸು ಬಿದ್ದುಹೋಗಿ ಅವರೂ ‘ಲಕ್ಷ್ಮ’. ಲಕ್ಷ್ಮಿ, ಲಕ್ಷ್ಮಮ್ಮ ಇಬ್ಬರೂ ಒಂದೇ ಹೆಸರಿನವರಾಗಿ ಪಟ್ಟಿಯಲ್ಲಿ ಕೂತಿದ್ದರು. ಆ ಪಟ್ಟಿಯ ಪ್ರಿಂಟ್ ಇಟ್ಟುಕೊಂಡು ನಾನು ಡೆವಲಪರ್ ಹತ್ತಿರ ಹೋದರೆ “ಇಂಗ್ಲಿಷಿನಲ್ಲಿ ಸರಿಯಾಗಿ ಬರ್ತಿದೆಯಲ್ಲ” ಅಂದರು.

ಹಾಗಾಗಿ ಒಂದೇ ಬಾಕ್ಸ್ ಇಡಿ, ಖಂಡಿತ ಇಡಿ, ಆದರೆ ಉದ್ದವನ್ನು ಧಾರಾಳವಾಗಿ ಇಡಿ. ಇನ್ನೊಂದು ವಿಷಯ, ಕನ್ನಡದಲ್ಲೂ ಹೆಸರು ಹೋಲಿಸುತ್ತೀರಿ ಅಂತಾದರೆ ಮೊದಲು ನಾರ್ಮಲೈಸ್ ಮಾಡಿ, ಅಂದರೆ ಒಂದೇ ಅಕ್ಷರವನ್ನು ಬೇರೆ ಬೇರೆ ಥರ ಇಟ್ಟಿದ್ದರೆ ಒಂದೇ ಥರಕ್ಕೆ ತನ್ನಿ. ಗೋಪಾಲ ಅನ್ನುವ ಹೆಸರಿನ ‘ಗೋ’ ತೆಗೆದುಕೊಳ್ಳಿ. ಆ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಮೂರು ಬಿಡಿ ಸಂಕೇತವಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರ್ ಮಾತ್ರ ಬೇರೆ ಬೇರೆ ಅನ್ನುತ್ತದೆ. ಎನ್‌ಎಫ್‌ಸಿ ಅನ್ನುವ ನಾರ್ಮಲೈಸ್ ಕ್ರಮ ಬಳಸಿದರೆ ಎರಡೂ ಒಂದಾಗುತ್ತವೆ, ಒಂದು ಸಾಲಿನ ಕೋಡ್ ಅಷ್ಟೇ. ಹಳೆಯ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪ್ ಮಾಡಿದ ದಾಖಲೆಗಳನ್ನು ಯುನಿಕೋಡಿಗೆ ಬದಲಿಸಿದಾಗ ಅರ್ಕಾವತ್ತು ಎಡವಟ್ಟಾಗುವುದು ಬೇರೆ. ಅಲ್ಲಿ ಅದು ಕಾಣುವ ಹಾಗೆ ಅಕ್ಷರದ ಆಚೆಗೆ ಕೂತಿರುತ್ತದೆ, ಯುನಿಕೋಡಿನಲ್ಲಿ ಉಚ್ಚಾರದ ಹಾಗೆ ಮೊದಲು ಬರಬೇಕು. ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.

ಅಮ್ಮನಿಗೆ ದುಡ್ಡು ಬಂತಾ?

---

ಜೋಳದರೊಟ್ಟಿ:

ನಮ್ಮ ಬಾಗಲಕೋಟೆ ಕಡೆ ಎಲ್ಲರಿಗೂ ಅಡ್ಡಹೆಸರು ಇರುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಹಿರೇಮಠ, ಪಾಟೀಲ. ಹಾಗಾಗಿ ಎರಡನೇ ಬಾಕ್ಸ್ ನಮಗೆ ತೊಂದರೆ ಕೊಡುವುದಿಲ್ಲ. ನಮ್ಮನ್ನು ಅಲೆಸುವುದು ಸ್ಪೆಲ್ಲಿಂಗು. ನಾವು ‘ಗೌಡ’ ಅನ್ನುವುದನ್ನು ಇಂಗ್ಲಿಷಿನಲ್ಲಿ ‘ಯು’ ಹಾಕಿ ಬರೆಯುತ್ತೇವೆ, ಮೈಸೂರು ಕಡೆಯವರು ‘ಡಬ್ಲ್ಯು’ ಹಾಕುತ್ತಾರೆ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ನಮ್ಮ ಮೇಷ್ಟ್ರು ಒಂದು ಥರ ಬರೆದರು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿನವರು ಇನ್ನೊಂದು ಥರ. ಕೆಲಸ ಬಿಟ್ಟಾಗ ನನ್ನದೇ ದುಡ್ಡು ತೆಗೆದುಕೊಳ್ಳಲು ಐದು ತಿಂಗಳು ಹಿಡಿಯಿತು. ಒಂದೇ ಒಂದು ಇಂಗ್ಲಿಷ್ ಅಕ್ಷರಕ್ಕೆ ಐದು ತಿಂಗಳು. ಮಂಜುನಾಥ, ಬಸವರಾಜ ಅನ್ನುವ ಹೆಸರಿನವರನ್ನು ಕೇಳಿ ನೋಡಿ, ಕೊನೆಯಲ್ಲಿ ‘ಎ’ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಅವರ ಅರ್ಧ ಜೀವನ ನಿಂತಿರುತ್ತದೆ.

ನನ್ನ ಮಾತು ಏನೆಂದರೆ, ಕೈಯಲ್ಲಿ ಸಂಖ್ಯೆ ಇರುವಾಗ ಹೆಸರನ್ನು ಅಕ್ಷರ ಅಕ್ಷರ ಹೋಲಿಸುವುದು ಯಾಕೆ? ಆಧಾರ್‌ಗೆ 12 ಅಂಕಿ ಇದೆ, ಕೊನೆಯ ಅಂಕಿ ಉಳಿದವನ್ನು ಸರಿಯಿದೆಯಾ ಅಂತ ನೋಡಲೆಂದೇ ಇರುವುದು. ಸರ್ಕಾರದ ದುಡ್ಡು ಆಧಾರ್ ಮೂಲಕ ಖಾತೆಗೆ ಹಾಕುವಾಗ ಖಾತೆ ಹುಡುಕುವುದೂ ಸಂಖ್ಯೆಯಿಂದಲೇ. ಎನ್‌ಇಎಫ್‌ಟಿಯಲ್ಲೂ ದುಡ್ಡು ಹೋಗುವುದು ಖಾತೆ ಸಂಖ್ಯೆ ನೋಡಿಯೇ. ಈಗ 2025ರ ಏಪ್ರಿಲ್‌ನಿಂದ ದುಡ್ಡು ಕಳಿಸುವ ಮುಂಚೆ ಪಡೆಯುವವರ ಹೆಸರು ತೋರಿಸುವ ಸೌಲಭ್ಯ ಕೊಡಿ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ, ಯುಪಿಐಯಲ್ಲಿ ಮೊದಲಿಂದಲೂ ಇದ್ದ ಹಾಗೆ. ಅದು ಸರಿಯಾದ ದಾರಿ. ಹೆಸರನ್ನು ಮನುಷ್ಯರಿಗೆ ತೋರಿಸಿ. ‘ಲಕ್ಷ್ಮಮ್ಮ’ ಆದಮೇಲೆ ಚುಕ್ಕೆ ಇದ್ದರೂ ಅದು ನಿಮ್ಮ ಅಮ್ಮನೇ ಅಂತ ನಿಮಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ, ಅಲ್ವಾ? ಆ ಕೆಲಸವನ್ನು ಎರಡು ಸ್ಟ್ರಿಂಗ್ ಹೋಲಿಸುವ ಕೋಡಿಗೆ ಯಾಕೆ ಬಿಡಬೇಕು.

---

ಸ್ಟ್ಯಾಂಡಪ್‌ಹತ್ತಕ್ಕೆ:

ಇದೆಲ್ಲ ಒಪ್ಪುತ್ತೇನೆ, ಆದರೆ ನಿಜವಾದ ತೊಡಕು ಬೇರೆ ಇದೆ. ನಾನು ವಿಮಾನ ಟಿಕೆಟ್ ಬುಕ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಇದ್ದೇನೆ. ಆಚೆ ಕಡೆಯವರ ಎಪಿಐ, ಅಂದರೆ ನಮ್ಮ ಸಾಫ್ಟ್‌ವೇರ್ ಅವರದ್ದರ ಜೊತೆ ಮಾತಾಡುವ ಕೊಂಡಿ, ಎರಡು ಹೆಸರು ಕೇಳುತ್ತದೆ. ನಾವು ಒಂದೇ ಕೊಟ್ಟರೆ ಬುಕಿಂಗ್ ಬೀಳುತ್ತದೆ. ಗ್ರಾಹಕರು ಬೈಯುವುದು ನಮಗೆ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಾವೇನು ಮಾಡಬೇಕು ಹೇಳಿ.

---

ತಿಪಟೂರುಕಾಯಿ:

ಸರ್, ಆಚೆಯವರಿಗೆ ಎರಡು ಬೇಕಿದ್ದರೆ ಆ ಎಪಿಐ ಕರೆಯುವ ಜಾಗದಲ್ಲಿ ಮಾತ್ರ ಎರಡು ಮಾಡಿ, ಏನು ತುಂಬಿದ್ದೀರಿ ಅಂತ ಗ್ರಾಹಕರಿಗೆ ತೋರಿಸಿ ಒಪ್ಪಿಗೆ ಪಡೆದು ಕಳಿಸಬಹುದಲ್ಲ? ನಮ್ಮ ಡೇಟಾಬೇಸಿನಲ್ಲಿ ಅವರು ಹೇಳಿದ ಹೆಸರು ಹಾಗೇ ಉಳಿಯಲಿ. ಈಗ ಆಗುತ್ತಿರುವುದು ಏನೆಂದರೆ ಎಲ್ಲಿಯದೋ ಒಂದು ಎಪಿಐಗೋಸ್ಕರ ಜನರ ಹೆಸರನ್ನು ಬುಡದಲ್ಲೇ ಮುರಿದು ಇಟ್ಟುಕೊಳ್ಳುತ್ತಿದ್ದೇವೆ. ಆಮೇಲೆ ಜೋಡಿಸಲು ಹೋದರೆ ಕೂಡುವುದಿಲ್ಲ.

ಅಂದ ಹಾಗೆ ಪಾಸ್‌ಪೋರ್ಟಿನ ಅಂತರರಾಷ್ಟ್ರೀಯ ನಿಯಮ ತೆಗೆದು ಓದಿದೆ. ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತದಲ್ಲ, ಒಂದೊಂದರಲ್ಲೂ 44 ಜಾಗ, ಮೊದಲ ಸಾಲಿನಲ್ಲಿ ಹೆಸರಿಗೆ 39. ಒಂದೇ ಹೆಸರಿದ್ದರೆ ಮುಖ್ಯ ಹೆಸರಿನ ಜಾಗದಲ್ಲಿ ಅದನ್ನಿಟ್ಟು ಉಳಿದದ್ದನ್ನು ಬಾಣದ ಗುರುತಿನಿಂದ (<) ತುಂಬಿ ಅಂತ ಅಲ್ಲೇ ಇದೆ. ನಿಯಮ ಬರೆದವರು ಯೋಚಿಸಿದ್ದಾರೆ. ಅದನ್ನು ಬಳಸುವ ಸಾಫ್ಟ್‌ವೇರ್ ಬರೆಯುವ ನಾವು ಯೋಚಿಸಿಲ್ಲ.

ಬೈಟುಕಾಫಿ ಮೇಡಂ, ದುಡ್ಡು ಇನ್ನೂ ಬಂದಿಲ್ಲ. ಅಫಿಡವಿಟ್ ಮೇಲಿನ ಕಚೇರಿಗೆ ಹೋಗಿದೆಯಂತೆ.

---

ಕಕ್ಕಬ್ಬೆಜೇನು:

ಕೊಡಗಿನವಳು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ನಮ್ಮಲ್ಲಿ ಮನೆ ಹೆಸರು ಮೊದಲು ಬರುತ್ತದೆ. ಕಾರಿಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರಿಯಪ್ಪ, ತಿಮ್ಮಯ್ಯನವರದ್ದು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಒಂದೇ ಮನೆತನ, ಕೊಡಂದೇರ. ಈಗ ಈ ಫಾರ್ಮುಗಳ ಲೆಕ್ಕದಲ್ಲಿ ನೋಡಿ: ಕೊನೆಯ ಹೆಸರು ಅಂದರೆ ಕಾರಿಯಪ್ಪ, ಅದು ಅವರಿಗೆ ಅಪ್ಪ ಅಮ್ಮ ಇಟ್ಟ ಸ್ವಂತ ಹೆಸರು. ಮನೆತನದ ಹೆಸರು ಕೂತಿರುವುದು ‘ಮೊದಲ ಹೆಸರಿನ’ ಬಾಕ್ಸಿನಲ್ಲಿ. ‘ಕೊನೆಯ’ ಅಂದರೆ ಜಾಗವೋ, ಮನೆತನವೋ? ಕೇಳುವವರಿಗೇ ಗೊತ್ತಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹಾಸನದ ಹುಡುಗನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಅಮೆರಿಕದ ವೀಸಾದಲ್ಲಿ ಹಾಗಿದ್ದವರ ಹೆಸರನ್ನು ಸರ್‌ನೇಮಿನ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಆಮೇಲೆ ಅದೇ ಅವನ ಡ್ರೈವಿಂಗ್ ಲೈಸೆನ್ಸಿಗೆ ಬಂತು, ಅಲ್ಲಿಂದ ಡಾಕ್ಟರ ಹತ್ತಿರದ ಕಡತಕ್ಕೆ. ಆಸ್ಪತ್ರೆಯಲ್ಲಿ ಕಾಯುತ್ತಿದ್ದಾಗ ನರ್ಸ್ ಹೊರಗೆ ಬಂದು “ಫ್ನೂ” ಅಂತ ಎರಡು ಸಲ ಕೂಗಿದರಂತೆ. ತನ್ನನ್ನೇ ಅಂತ ಅವನಿಗೆ ಹೊಳೆದದ್ದು ಮೂರನೇ ಸಲ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

2022ರ ನವೆಂಬರ್‌ನಲ್ಲಿ ಯುಎಇಯವರು ಒಂದೇ ಹೆಸರಿದ್ದರೆ ಭೇಟಿ ವೀಸಾದಲ್ಲಿ ಬಿಡುವುದಿಲ್ಲ ಅಂದಿದ್ದು ನೆನಪಿದೆಯಾ? ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸರಿ ಅಂತ ಸಡಿಲ ಮಾಡಿದರು. ನಾನು ಊರಿನಲ್ಲಿ ಇರುವವರಿಗೆಲ್ಲ ಹೇಳುವುದು ಇಷ್ಟೇ. ಪಾಸ್‌ಪೋರ್ಟ್ ಮಾಡಿಸುವ ಮುಂಚೆ ಎರಡು ಜಾಗವನ್ನೂ ಯೋಚಿಸಿ ತುಂಬಿ. ಹೀಗೆ ಹೇಳಬೇಕಾಗಿ ಬಂದಿರುವುದಕ್ಕೆ ಬೇಜಾರಿದೆ, ಆದರೆ ಆಮೇಲೆ ಒದ್ದಾಡುವುದಕ್ಕಿಂತ ವಾಸಿ.

---

ಅರಳಿಕಟ್ಟೆ:

ಇದಕ್ಕೆ ರಾಜಕೀಯ ಸೇರಿಸಬೇಡಿ ಅಂತ ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ, ಇದು ಮೊದಲಿಂದಲೂ ರಾಜಕೀಯವೇ.

ನಮ್ಮ ಹಳೇ ಮೈಸೂರು ಕಡೆ ಹೆಸರಿನ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ. ಹರದನಹಳ್ಳಿ ದೊಡ್ಡೇಗೌಡರ ಮಗ ಎಚ್.ಡಿ. ದೇವೇಗೌಡ. ಕುಪ್ಪಳ್ಳಿ ವೆಂಕಟಪ್ಪನವರ ಮಗ ಪುಟ್ಟಪ್ಪ, ಕುವೆಂಪು. ಎರಡು ಸಲ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರನ್ನು ನಾಡೆಲ್ಲ ಕರೆಯುವುದು ಆ ಒಂದೇ ಹೆಸರಿನಿಂದ. ನಮ್ಮ ತಾತ ಬೇಕೆಂದೇ ಹೆಸರಿನಿಂದ ಜಾತಿ ತೆಗೆದರು. ಶಾಲೆಗೆ ಸೇರಿಸುವಾಗ ಅಪ್ಪನ ಹೆಸರಿನ ಹಿಂದೆ ಏನೂ ಬರೆಸಲಿಲ್ಲ, ಮೇಷ್ಟ್ರು ಎಷ್ಟು ಕೇಳಿದರೂ ಬರೆಸಲಿಲ್ಲ. ಆ ಖಾಲಿ ಜಾಗವನ್ನು ಅವರು ಯೋಚಿಸಿ ಖಾಲಿ ಬಿಟ್ಟದ್ದು. ಈಗ ನನ್ನ ಮಗಳು ಯಾವುದೋ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಲು ಕೂತರೆ ಅದು ‘ಈ ಜಾಗ ಖಾಲಿ ಬಿಡುವಂತಿಲ್ಲ’ ಅನ್ನುತ್ತದೆ. ಸರ್‌ನೇಮ್ ಹೇಳು ಅಂದರೆ ನಮ್ಮ ಕಡೆ ತುಂಬ ಜನರ ಕಿವಿಗೆ ಅದು ಯಾವ ಜನ ನೀವು ಅಂತ ಕೇಳಿದ ಹಾಗೇ ಕೇಳಿಸುತ್ತದೆ. ಕೋಡ್ ಬರೆಯುವ ಹುಡುಗರಿಗೆ ಇದು ಗೊತ್ತಿರಬೇಕು.

ನಿಮ್ಮ ಪಾನ್ ಕಾರ್ಡ್ ತೆಗೆದು ಐದನೇ ಅಕ್ಷರ ನೋಡಿ. ಅದು ನಿಮ್ಮ ಸರ್‌ನೇಮಿನ ಮೊದಲ ಅಕ್ಷರ. ಒಂದೇ ಹೆಸರಿದ್ದವರು ಅದನ್ನೇ ಕೊನೆಯ ಹೆಸರಿನ ಜಾಗದಲ್ಲಿ ತುಂಬಬೇಕು, ಇನಿಷಿಯಲ್ ಇದ್ದವರು ಬಿಡಿಸಿ ಬರೆಯಬೇಕು. ಹೀಗೆ ಎಷ್ಟೋ ಜನರ ಊರಿನ ಹೆಸರೋ ಅಪ್ಪನ ಹೆಸರೋ ಅವರ ‘ಕೊನೆಯ ಹೆಸರು’ ಆಗಿ ಕೂತಿದೆ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಜಾಗ. ಅದನ್ನು ಕಟ್ಟಿದವರು ಈ ವಿಷಯದಲ್ಲಿ ಸರಿಯಾಗಿ ಮಾಡಿದರು ಅಂತ ಮನಸಾರೆ ಹೇಳುತ್ತೇನೆ. ಆದರೆ ಪಾನ್ ಕಡೆ ಹೆಸರಿನ ಮೂರು ಚೂರು, ಆಧಾರ್ ಕಡೆ ಒಂದೇ ಹೆಸರು ಇರುವ ಎರಡು ದಾಖಲೆಗಳನ್ನು ಜೋಡಿಸಿ ಅಂತ ಜನರಿಗೆ ಹೇಳಿ, 2023ರ ಜೂನ್ 30ರ ಗಡುವು ಕೊಟ್ಟು, 1,000 ರೂಪಾಯಿ ಶುಲ್ಕವನ್ನೂ ಹಾಕಿದರು. ಎರಡನ್ನೂ ಬೇರೆ ಬೇರೆ ಥರ ಕಟ್ಟಿದ್ದು ಜನರಲ್ಲ. ಹೊಂದದಿದ್ದರೆ ತಿದ್ದಿಸಲು ಸಾಲಿನಲ್ಲಿ ನಿಲ್ಲುವವರು ಜನ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅದೂ ನೆನಪಿರಲಿ.

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಶುರುವಾಯಿತಲ್ಲ, ತಿಂಗಳಿಗೆ 2,000 ರೂಪಾಯಿ. ಅದಕ್ಕೆ ರೇಷನ್ ಕಾರ್ಡ್ ಬೇಕು, ಆಧಾರ್ ಬೇಕು, ಬ್ಯಾಂಕ್ ಖಾತೆ ಬೇಕು. ಈ ಮೂರನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು ಕೇಳಿಸಿಕೊಂಡ ಹಾಗೆ ಟೈಪ್ ಮಾಡಿದ್ದಾರೆ. ಇಡೀ ನಾಡಿನ ಹೆಂಗಸರ ಹೆಸರು ಒಟ್ಟಿಗೆ ಪರೀಕ್ಷೆಗೆ ಬಂದದ್ದು ಆಗಲೇ. ಅಕ್ಕಪಕ್ಕದ ಮನೆಯವರ ಕಾಗದ ಹಿಡಿದುಕೊಂಡು ನಾನೇ ಎಷ್ಟು ಸಲ ಹೋಗಿದ್ದೇನೆ. ಯೋಜನೆ ಬೇಕು ಬೇಡ ಅನ್ನುವ ಜಗಳ ಟಿವಿಯಲ್ಲಿ ದಿನಾ ನಡೆಯುತ್ತದೆ. ಹೆಸರಿನ ಕಾಲಂ ಹೇಗಿರಬೇಕು ಅಂತ ಯಾವ ಪಕ್ಷದವರೂ ಒಂದು ದಿನ ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ. ನನಗೆ ಬೇಕಿರುವ ರಾಜಕೀಯ ಅದು. ಸರ್ಕಾರ ಟೆಂಡರ್ ಕರೆಯುವಾಗ ಒಂದು ಸಾಲು ಬರೆಯಲಿ: ಒಂದೇ ಹೆಸರಿನವರ ಅರ್ಜಿ ನಿಲ್ಲಬಾರದು, ಕನ್ನಡದ ಹೆಸರು ತುಂಡಾಗಬಾರದು.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರಲ್ಲ, ಆ ಕೇಸಿಗೆ ಹೆಸರು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಮುಂದೆ ಎರಡು ಇನಿಷಿಯಲ್, ಆಮೇಲೆ ಸ್ವಂತ ಹೆಸರು. ದೇಶದ ಕಾನೂನು ಪುಸ್ತಕಗಳೆಲ್ಲ ಆ ಹೆಸರನ್ನು ಹಾಗೇ ಒಪ್ಪಿಕೊಂಡಿವೆ. ಒಂದು ಆ್ಯಪ್‌ಗೆ ಒಪ್ಪಲು ಏನು ಕಷ್ಟ?

---

ಸ್ಟ್ಯಾಂಡಪ್‌ಹತ್ತಕ್ಕೆ:

ತಿಪಟೂರುಕಾಯಿ ಅವರೇ, ನೀವು ಹೇಳಿದ ಹಾಗೆ ಎಪಿಐ ಕರೆಯುವ ಜಾಗದಲ್ಲಿ ಮಾತ್ರ ಒಡೆಯುವುದನ್ನು ನಮ್ಮ ತಂಡದಲ್ಲಿ ಇವತ್ತು ಮಾತಾಡಿದೆ. ಎರಡು ದಿನದ ಕೆಲಸ ಅಂದರು. ನಾನು ಎರಡು ತಿಂಗಳು ಅಂದುಕೊಂಡಿದ್ದೆ.

---

ತಿಪಟೂರುಕಾಯಿ:

ಎಲ್ಲರಿಗೂ ತುಂಬ ಧನ್ಯವಾದ. ಅರಳಿಕಟ್ಟೆ ಸರ್, ನಿಮ್ಮ ತಾತನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಖಾಲಿ ಬಿಟ್ಟದ್ದು ಮರೆವಿನಿಂದ ಅಲ್ಲ ಅನ್ನುವುದು ನನ್ನ ತಲೆಗೆ ಯಾವತ್ತೂ ಬಂದಿರಲಿಲ್ಲ.

ಮ್ಯಾನೇಜರ್ ಹತ್ತಿರ ಮಾತಾಡಿದೆ. ಬೈಟುಕಾಫಿ ಮೇಡಂ ಹೇಳಿದ 27 ಬೈಟಿನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವರು ಹಾವೇರಿಯವರು, ಇಂಗ್ಲಿಷ್ ಸ್ಪೆಲ್ಲಿಂಗಿನ ಮಾತು ತೆಗೆದ ಕೂಡಲೇ ಅವರದೇ ಒಂದು ದೊಡ್ಡ ಕತೆ ಬಂತು. ಒಪ್ಪಿಗೆ ಸಿಕ್ಕಿದೆ. ಹೊಸ ಫಾರ್ಮಿನಲ್ಲಿ ‘ನಿಮ್ಮ ಪೂರ್ಣ ಹೆಸರು, ನಿಮ್ಮ ದಾಖಲೆಯಲ್ಲಿ ಇರುವ ಹಾಗೆ’ ಅಂತ ಒಂದು ಬಾಕ್ಸ್, ‘ನಿಮ್ಮನ್ನು ಹೇಗೆ ಕರೆಯಬೇಕು’ ಅಂತ ಇನ್ನೊಂದು, ಎರಡನೆಯದು ಕಡ್ಡಾಯವಲ್ಲ. ಇನಿಷಿಯಲನ್ನೇ ಮೊದಲ ಹೆಸರು ಅಂದುಕೊಂಡು ‘ನಮಸ್ಕಾರ ಎಚ್’ ಅಂತ ಈಮೇಲ್ ಹೋಗುವುದು ಇದರಿಂದ ನಿಲ್ಲುತ್ತದೆ. ಕಾಲಂ ಉದ್ದವನ್ನು ಬೈಟಿನ ಬದಲು ಯುನಿಕೋಡ್ ಸಂಕೇತದಲ್ಲಿ ಎಣಿಸಿ 200ಕ್ಕೆ ಏರಿಸಿದ್ದೇನೆ. ಹಳೆಯ ಚುಕ್ಕೆಗಳು, ಎರಡೆರಡು ಸಲ ಬಂದ ಹೆಸರುಗಳು ನಮ್ಮಲ್ಲೂ ಇವೆ. ಅವನ್ನು ನಾವಾಗಿ ತಿದ್ದುವುದಿಲ್ಲ, ಮುಂದಿನ ಸಲ ಲಾಗಿನ್ ಆದಾಗ ಅವರನ್ನೇ ಕೇಳುತ್ತೇವೆ.

ಅಮ್ಮನ ಠೇವಣಿ ದುಡ್ಡು ಮೊನ್ನೆ ಬಂತು. ಪಾಸ್‌ಬುಕ್‌ನಲ್ಲಿ ಇನ್ನೂ ‘ಲಕ್ಷ್ಮಮ್ಮ ಲಕ್ಷ್ಮಮ್ಮ’ ಅಂತಲೇ ಇದೆ, ಅದನ್ನು ತಿದ್ದಿಸಲು ಬೇರೆ ಅರ್ಜಿ ಕೊಡಬೇಕಂತೆ. ಸಂಕ್ರಾಂತಿಗೆ ಹೋದಾಗ ಕೊಡುತ್ತೇನೆ.

ಒಂದು ಸಹಾಯ ಬೇಕು. ಟೆಸ್ಟ್ ಮಾಡಲು ಹೆಸರುಗಳ ಪಟ್ಟಿ ಮಾಡುತ್ತಿದ್ದೇನೆ, ಇದುವರೆಗೆ 31 ಆಗಿವೆ. ಯಾರ ನಿಜವಾದ ಹೆಸರೂ ಬೇಡ. ನಿಮ್ಮ ಮನೆಯವರ ಹೆಸರು ಎಲ್ಲಿ ಸಿಕ್ಕಿಕೊಂಡಿತ್ತೋ ಅದೇ ಬಗೆಯ ಇನ್ನೊಂದು ಹೆಸರು ಬರೆದು ಹಾಕಿ. ಮನೆ ಹೆಸರು ಮೊದಲು ಬರುವಂಥದ್ದು, ಅರ್ಕಾವತ್ತು ಇರುವಂಥದ್ದು, ಮೂರು ಇನಿಷಿಯಲ್ ಇರುವಂಥದ್ದು, ಒಂದೇ ಅಕ್ಷರದ್ದು, ಯಾವುದಾದರೂ ಸರಿ. ಗುರುವಾರದೊಳಗೆ ಸಿಕ್ಕರೆ ಈ ರಿಲೀಸಿಗೇ ಸೇರಿಸುತ್ತೇನೆ.